ಅಮ್ಮನ ಫೋನು ಎತ್ತುವವರು

ದರ್ಜಿಯಾಕೆ ಬಿಗಿಯಾದ ಕುಪ್ಪಸವೊಂದರ ಹೊಲಿಗೆ ಬಿಚ್ಚುತ್ತಿದ್ದಳು. ಬಟ್ಟೆಗೆ ಕಾದು ಕೂತಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಅಮ್ಮ ಹೋಗಿ ವರ್ಷವಾಯ್ತು. ಅವಳ ಫೋನಿಗೆ ಇನ್ನೂ ಯಾಕಕ್ಕಾ ಚಾರ್ಜ್ ಹಾಕ್ತೀಯ?”

“ಮೋಸದ ಕರೆ ತಡೆಯೋಕೆ ನಾನೇ ಆ್ಯಪ್ ಹಾಕಿಕೊಟ್ಟಿದ್ದೆನಲ್ಲೇ. ಗೊತ್ತಿಲ್ಲದ ನಂಬರಾದ್ರೆ ಅದೇ ಎತ್ತಿ, ಅಮ್ಮನ ದನಿಯಲ್ಲೇ ಮಾತಾಡತ್ತೆ.”

“ಅಯ್ಯೋ, ಈಗ್ಲೂನಾ?”

“ಈಗ್ಲೂ. ನಿನ್ನೆ ಹೊಸ ನಂಬರಿಂದ ನಾನೇ ಮಾಡಿದೆ.”

“ನಿಂಗೆಲ್ಲೋ ತಲೆ ಕೆಟ್ಟಿದೆ.” ತಂಗಿ ಹತ್ತಿರ ಸರಿದಳು. “ಏನಂದ್ಲು?”

“ಯಾರು ಅಂದ್ಲು. ನಾನಮ್ಮಾ, ನಿನ್ನ ದೊಡ್ಡ ಮಗಳು ಅಂದೆ. ಮೋಸಗಾರರೆಲ್ಲ ಹಾಗೇ ಹೇಳೋದು ಅಂತ ನಕ್ಕುಬಿಟ್ಲು ಕಣೇ. ಅದೇ ನಗು. ಅತ್ತು ಕರೆದ್ರೂ ನಂಬಲಿಲ್ಲ.”

“ಮೊದಲು ಅದನ್ನ ತೆಗೆದುಹಾಕಕ್ಕಾ.”

“ಸಂಜೆ ಇನ್ನೊಂದ್ಸಲ ಮಾಡೋಣ. ನೀನು ಮುದ್ದಿನ ಮಗಳು, ನಿನ್ನನ್ನಾದ್ರೂ ನಂಬ್ತಾಳೇನೋ.”

ಬಟ್ಟೆ ತೆಗೆದುಕೊಂಡು ಇಬ್ಬರೂ ಹೊರಟುಹೋದರು.

ದರ್ಜಿಯಾಕೆಯ ಮಗಳು ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟವಳು, ಹಳೆಯ ನಂಬರನ್ನೂ ಬಿಟ್ಟಿದ್ದಳು. ಗೊತ್ತಿಲ್ಲದ ಕರೆಗಳು ತಾವಾಗಿಯೇ ಕಡಿದುಹೋಗುವಂತೆ ದರ್ಜಿಯಾಕೆಯ ಫೋನಿನಲ್ಲಿ ಅವಳ ಗಂಡ ಏರ್ಪಾಡು ಮಾಡಿಕೊಟ್ಟಿದ್ದ. ಅವಳು ಕುಪ್ಪಸವನ್ನು ಪಕ್ಕಕ್ಕಿಟ್ಟು, ಆ ಏರ್ಪಾಡನ್ನು ಹುಡುಕಿ ತೆಗೆದಳು. ಗಂಡನಿಗೆ ಹೇಳುವ ಗೋಜಿಗೆ ಹೋಗಲಿಲ್ಲ.