ಗ್ವಾಡಿ ಮ್ಯಾಲಿನ ತಾರೀಕು

ಯೆರವಡಾದಾಗ ನಮ್ಮ ಓಣಿ ಹಿಟ್ಟಿನ ಗಿರಣಿ. ಕರೆಂಟ್ ಹೋಗ್ಯದ, ಸಂಜಿ ಮಳಿ ನಿಲ್ಲವಲ್ದು, ಡಬ್ಬಿ ಮುಂದಿಟ್ಕೊಂಡು ಏಳೆಂಟು ಮಂದಿ ಕುಂತೀವಿ. ಗ್ವಾಡಿಗಿ ಬೂಷ್ಟು ಬಂದ್ರ ಯಾರು ಸರಿ ಮಾಡಸಬೇಕು, ಮಾಲಕನೋ, ಬಾಡಿಗಿಯವರೋ ಅಂತ ಒಂದು ತಾಸಿನಿಂದ ಜಗಳ. ಕೇಳಿ ಕೇಳಿ ನನಗ ಸಾಕಾತು. ಸ್ವಲ್ಪ ಸುಮ್ಮನಾಗ್ರಿ, ಅಂದೆ. ನಾನು ಕಾಶಪ್ಪ, ಮೂವತ್ತು ವರ್ಷ ಈ ಮರಾಠಿ ಊರಾಗ ಮನಿಗೋಳಿಗೆ ಬಣ್ಣ ಹಚ್ಚಿದಾಂವ. ಒಂದು ಗ್ವಾಡಿ ಸುದ್ದಿ ಹೇಳ್ತೀನಿ, ಕೇಳ್ರಿ.

ಇದ ಊರಿನ ಕೋಥರೂಡದಾಗ ಎರಡನೇ ಮಜಲಿ ಮ್ಯಾಲ ಒಂದು ಮನಿ. ಮಾಲಕ ಸ್ವಪ್ನಿಲ್, ಭಾಳ ನಯದ ಮಾತು. ಬಾಡಿಗಿ ಕಾಗದ ಹನ್ನೊಂದು ತಿಂಗಳಿಂದು, ನಿಮಗ ಗೊತ್ತದ. ಹನ್ನೊಂದು ಮುಗೀತು, ಇದ್ದವರು ಹೋದ್ರು, ನನಗ ಫೋನ್ ಬಂತು. ಒಳಖೋಲಿ ಗ್ವಾಡಿ ಕರ್ರಗ ಆಗಿರ್ತಿತ್ತು. ಕೆರೆದು, ಕುಳಿಗೆ ಬಿಳಿ ಪುಟ್ಟಿ ಮೆತ್ತಿ, ಎರಡು ಕೈ ಬಣ್ಣ ಹೊಡದ್ರ ಹೊಸಬರಿಗೆ ಹಾಲಿನಂಗ ಕಾಣ್ತಿತ್ತು. ಮ್ಯಾಲಿನವರ ಬಚ್ಚಲ ಪೈಪು ಒಡದದ ಸಾಹೇಬ್ರ, ಮೊದಲ ಅದನ್ನ ಮಾಡಸ್ರಿ ಅಂತ ನಾ ಹೇಳಿದ್ದೆ. ಅದು ಮ್ಯಾಲಿನವರ ಕೆಲಸ ಅಂದ. ಮ್ಯಾಲಿನವರು ಬಿಲ್ಡಿಂಗಿನ ಸೊಸಾಯಿಟಿ ಕೆಲಸ ಅಂದ್ರು. ಸೊಸಾಯಿಟಿಯವರು ಮಾಲಕನ್ನ ಕೇಳ್ರಿ ಅಂದ್ರು. ಹಿಂಗ ಮೂರು ಮಳಿಗಾಲ... ಪೈಪಿಗೇನು, ಅದು ತನ್ನ ಕೆಲಸ ತಾ ಮಾಡ್ಕೋತ ಇತ್ತು.

ಆ ಮನ್ಯಾಗ ಮಲಕಪ್ಪ ಅಂತ ಒಬ್ಬ ಇದ್ದ, ಕಚೇರಿ ಕಾರಕೂನ. ನೀವು ಒಳಗ ಅರಿವಿ ಒಣಗಸ್ತೀರಿ, ಅದಕ್ಕ ಹಸಿ ಅಂತ ಮಾಲಕ ಅವನ ಮ್ಯಾಲ ಹಾಕಿದ. ಕಾರಕೂನ ಸುಮ್ಮನ ಬಿಡ್ತಾನೇನ್ರಿ? ದಿನಾ ಮುಂಜಾನಿ ಹಸಿ ಎಲ್ಲಿ ತನಕ ಬಂದದೋ ಅಲ್ಲಿ ಪೆನ್ಸಿಲ್‌ಲೆ ಗೆರಿ ಎಳದು ತಾರೀಕು ಬರ್ಯಾಕ ಸುರು ಮಾಡಿದ. ಪುರಾವೆ ಬೇಕಲ್ಲ! ಗೆರಿ ಕೆಳಗ ಇಳದಂಗ ಅವನ ಕೆಮ್ಮು ಏರ್ತು. ಬಂದ ಆರನೇ ತಿಂಗಳಿಗೆ, ಗೆರಿ ಹಾಸಿಗಿ ನೇರಕ್ಕ ಬಂದಾಗ, ದವಾಖಾನ್ಯಾಗ ತೀರಿಕೊಂಡ. ಆ ಪುರಾವೆ ಮ್ಯಾಲ ಬಣ್ಣ ಬಳದ ಕೈ ಇದ...

ಆಮ್ಯಾಲ ಕಲ್ಲವ್ವ ಬಂದ್ಲು, ನಾಕು ವರ್ಷದ ಮಗಳು ಚಿನ್ನೂನ ಕರಕೊಂಡು. ಎರಡು ತಿಂಗಳಾಗೂದ್ರಾಗ ಗ್ವಾಡಿ ಕರ್ರಗ, ಕೂಸಿನ ಎದಿ ಗೊರಗೊರ. ಹಸಿ ಅಂಚಿಗೆ ಪೆನ್ಸಿಲ್ ಗೆರಿ, ಬಾಜೂಕ ತಾರೀಕು. ಹಳೇದಲ್ರಿ, ಅವತ್ತಿಂದ. ಮರುದಿನ ಇನ್ನೊಂದು. ಮನ್ಯಾಗ ಪೆನ್ಸಿಲ್ ಅನ್ನೂದ ಇಲ್ಲ, ಕೂಸಿಗೆ ಬರ್ಯಾಕ ಬರೂದಿಲ್ಲ, ಮತ್ತ ಬರದವರು ಯಾರು?

ಮಾಲಕ ನನ್ನೂ ಕರಕೊಂಡು ನೋಡಾಕ ಬಂದ. ನನ್ನ ಗ್ವಾಡಿ ಮ್ಯಾಲ ಗೀಚ್ತೀರಿ ಅಂತ ಶುರು ಮಾಡಿ, ಮತ್ತ ಅದ ಅರಿವಿ ಮಾತು ತಗದ. ಕಲ್ಲವ್ವ ಮರಾಠಿಯೊಳಗ ಅಂದ್ಲು, "ಅರಿವಿ ಹಗ್ಗ ಬಿಚ್ಚಿ ತಿಂಗಳಾತ್ರಿ. ನಿಮ್ಮ ಗ್ವಾಡಿಗಿ ಯಾರೂ ಹೇಳಿಲ್ಲೇನು?" ಆಮ್ಯಾಲ ನನ್ನ ಕಡೆ ತಿರುಗಿ ಕನ್ನಡದಾಗ, "ಕಾಕಾ, ನೀವ ಹೇಳ್ರಿ. ನಾವು ಬರೂಕಿಂತ ಮೊದಲ ಹಸಿ ಇತ್ತೋ ಇಲ್ಲೋ?"

ಹೌದು ಅಂದಿದ್ರ ಮುಗೀತಿತ್ತು. ಆದ್ರ ಆ ಸಾಹೇಬನ ಕಡೆ ಇನ್ನೂ ನಾಕು ಮನಿ ಕೆಲಸ ಇತ್ತು. ನಾ ತಲಿ ತಗ್ಗಿಸಿ ಪುಟ್ಟಿ ಕಲಸ್ಕೋತ ಕುಂತೆ.

ಆಗ ಆಕಿಗೆ ಕಂಡದ್ದು... ಹಸಿ ಇನ್ನೂ ಮುಟ್ಟದ ಒಣ ಜಾಗದಾಗ, ಕೂಸು ಮಲಗೂ ಹಾಸಿಗಿ ನೇರಕ್ಕ, ಒಂದು ಹೊಸ ಗೆರಿ. ತಾರೀಕು ಬರೂ ಸೋಮವಾರದ್ದು. ಕಲ್ಲವ್ವ ಅವತ್ತ ಗಂಟು ಕಟ್ಟಿದ್ಲು. ಶನಿವಾರನ ಕೂಸಿನ್ನ ಎತಗೊಂಡು ಖಡಕಿ ಏರಿಯಾದಾಗಿನ ತಮ್ಮನ ಮನಿಗಿ ಹೋದ್ಲು. ಸೋಮವಾರ ನಾ ಗ್ವಾಡಿ ಕೆರ್ಯಾಕ ಹೋದಾಗ ಹಸಿ ಬಂದು ಆ ಗೆರಿಗೇ ನಿಂತಿತ್ತು, ಒಂದು ಎಳಿ ಆ ಕಡೆ ಇಲ್ಲ, ಈ ಕಡೆ ಇಲ್ಲ.

ಚಿನ್ನು ಈಗ ಆರಾಮ ಅದಾಳ. ನಾನು ಆ ಮನಿ ಕೆಲಸ ಬಿಟ್ಟೆ. ಬಿಟ್ರ ಬಿಡ್ತದೇನ್ರಿ? ನನ್ನ ಖೋಲಿಗೆ ಬಾಜೂಕ ಬಚ್ಚಲಿಲ್ಲ, ನಳ ಇಲ್ಲ, ತಗಡು ಸೋರೂದಿಲ್ಲ. ಆದ್ರೂ ಗ್ವಾಡಿಗಿ ಅಂಗೈಯಷ್ಟು ಹಸಿ ಮೂಡ್ಯದ. ಯಾಕಂತ ನನಗ ಗೊತ್ತದ. ಮಲಕಪ್ಪಗ ಸಾಕ್ಷಿ ಬೇಕಾಗ್ಯದ. ನಿಮ್ಮ ಮುಂದ ಹೇಳಿದ್ರ ಅವಗ ಸಾಲೂದಿಲ್ಲ, ಕೋಥರೂಡಕ್ಕ ಹೋಗಿ ಮಾಲಕನ ಮುಂದ, ಈಗ ಬಂದ ಹೊಸ ಬಾಡಿಗಿಯವರ ಮುಂದ ಹೇಳಬೇಕು. ನಾನರ ಏನು, ಆ ಸೊಸಾಯಿಟಿಯವರಂಗ ನಾಳಿ, ನಾಡದ ಅಂತ ಮುಂದ ತಳ್ಕೋತ ಬಂದೀನಿ.

ಇವತ್ತು ಮುಂಜಾನಿ ಎದ್ದು ನೋಡಿದೆ. ನನ್ನ ತಲಿದಿಂಬಿನ ನೇರಕ್ಕ, ಒಣ ಗ್ವಾಡಿ ಮ್ಯಾಲ, ಗೆರಿ ಎಳದಾನ. ನನಗ ಅಕ್ಷರ ಬರೂದಿಲ್ಲ, ಅಂಕಿ ಅಷ್ಟ ಬರ್ತಾವ...

ನಾಳಿನ ತಾರೀಕು.