ಪೂಜೆಗೆ ಕೂತ ಕನ್ನಡಕ

ಅಧ್ಯಕ್ಷರೇ, ವೇದಿಕೆ ತುಂಬ ಕುಳಿತಿರುವ ಗಣ್ಯರೇ, ರಾಮನಗರ, ಚನ್ನಪಟ್ಟಣ, ಕನಕಪುರದಿಂದ ಬಿಸಿಲಲ್ಲಿ ಬಂದಿರುವ ಸಭಿಕರೇ,

ಮಾಗಡಿಯ ನಿವೃತ್ತ ಶಿಕ್ಷಕಿ ವರಲಕ್ಷ್ಮಮ್ಮನಿಗೆ ಸನ್ಮಾನ ಎಂದು ನನ್ನನ್ನು ಕರೆದಿರಿ. ಈ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ವಿಆರ್ ಕನ್ನಡಕ ಕೊಟ್ಟ ಮಹಾತಾಯಿ ಎಂದು ಹೊಗಳಿದಿರಿ. ಸಂತೋಷ. ಆ ಕನ್ನಡಕ ಕಣ್ಣಿಗೆ ಕಟ್ಟಿದರೆ ಸುತ್ತಲೂ ಸಮುದ್ರ, ತಲೆ ತಿರುಗಿಸಿದಲ್ಲೆಲ್ಲ ಮೀನು. ಮಗು ಮೀನು ನೋಡುತ್ತಿರುವಾಗಲೇ ಇಂಜೆಕ್ಷನ್ನು, ಡ್ರೆಸಿಂಗು ಮುಗಿದುಹೋಗಬೇಕು. ಅದಕ್ಕೆಂದೇ ಕೊಟ್ಟದ್ದು. ಈಗ ಅದು ಎಲ್ಲಿದೆ? ಇಗೋ, ಈ ಮೇಜಿನ ಮೇಲೆ! ಮಲ್ಲಿಗೆ ಹಾರ ಹಾಕಿಸಿಕೊಂಡು, ಎರಡು ಗಾಜಿಗೂ ಅರಿಶಿನ ಕುಂಕುಮ ಇಡಿಸಿಕೊಂಡು ಕೂತಿದೆ. ಸ್ಕೂಟರಿಗೆ ಪೂಜೆ ಮಾಡಿ, ಮಿಕ್ಸಿಗೂ ಮಾಡಿ, ಬೇಡವೆನ್ನುವುದಿಲ್ಲ. ನೋಡುವ ಗಾಜಿಗೇ ಕುಂಕುಮ ಮೆತ್ತುತ್ತಾರೇನ್ರೀ?

ಸಭೆಗೆ ಮುಂಚೆ ವಾರ್ಡಿಗೆ ಹೋಗಿದ್ದೆ. ರೇಷ್ಮೆ ನೂಲು ಬಿಚ್ಚುವ ಸಮದ್ ಅವರ ಮಗಳು ಕೆಹಕಶಾನ್, ಗೂಡು ಬೇಯಿಸುವ ನೀರು ಬಿದ್ದು ಕಾಲು ಸುಟ್ಟುಕೊಂಡಿದ್ದಾಳೆ. ಬ್ಯಾಂಡೇಜು ಗಾಯಕ್ಕೆ ಅಂಟಿದೆ. ಬಿಚ್ಚಲು ಹೋದರೆ ಕಿರುಚಿ ಅಮ್ಮನ ಕೈಯನ್ನೇ ಕಚ್ಚುತ್ತಾಳೆ. ಕನ್ನಡಕ ಎಲ್ಲಮ್ಮ ಎಂದು ನರ್ಸ್ ರಮ್ಯಾಳನ್ನು ಕೇಳಿದೆ. "ವರ್ಸೆಲ್ಲ ಬೀರುಗೆ ಬೀಗ ಹಾಕಿ ಮಡಗಿರ್ತಾರೆ ಮೇಡಂ. ಮಕ್ಳು ಮುಟ್ಟುದ್ರೆ ಕೆಟ್ಟೋಯ್ತದಂತೆ. ಇವತ್ತು ಸ್ಟೇಜ್ ಮ್ಯಾಲೈತೆ" ಎಂದಳು. ತರುತ್ತೇನೆ, ಅಲ್ಲಿಯವರೆಗೆ ಬ್ಯಾಂಡೇಜು ಬಿಚ್ಚಬೇಡ ಎಂದು ಹೇಳಿ ಓಡಿಬಂದೆ. ಕಾರ್ಯದರ್ಶಿಗಳು ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದರು: "ಫೋಟೋ ಆಗ್ಲಿ ಮೇಡಂ, ಅದೆಲ್ಲೋಯ್ತದೆ!"

ಎಲ್ಲಿಗೂ ಹೋಗಿಲ್ಲ ಸ್ವಾಮಿ, ಅದೇ ನನ್ನ ಸಂಕಟ! ಬಂದು ವರ್ಷವಾದರೂ ವಾರ್ಡಿಗೇ ಹೋಗಿಲ್ಲ. ನನ್ನ ಮಗ ಸಿದ್ಧಾರ್ಥನಿಗೂ ಹೀಗೇ ಡ್ರೆಸಿಂಗ್ ಮಾಡುತ್ತಿದ್ದರು. ಅವನ ಕೈಕಾಲು ಅದುಮಿ ಹಿಡಿಯುವ ಕೆಲಸ ನನ್ನದು. "ಅಮ್ಮಾ, ನೀನಾದ್ರೂ ಬುಡು" ಅನ್ನುತ್ತಿದ್ದ. ಗುಣವಾಗಲಿ ಅಂತ ಹಿಡಿದೆ. ಅವನು ಉಳಿಯಲಿಲ್ಲ. ಇದನ್ನೆಲ್ಲ ಇಲ್ಲಿ ಹೇಳಬೇಕೆಂದು ಬಂದವಳಲ್ಲ. ಹೇಗೋ ಬಾಯಿಗೆ ಬಂತು.

ಕಾರ್ಯದರ್ಶಿಗಳೇ, ಕೈ ಚಾಚಬೇಡಿ. ಹಾರ ತೆಗೆದಿದ್ದೇನೆ. ಕುಂಕುಮವನ್ನು ಸೆರಗಿನಲ್ಲೇ ಒರೆಸಿದ್ದೇನೆ. ಬೀರುವಿನ ಕೀ ಇವತ್ತಿನಿಂದ ರಮ್ಯಾಳ ಹತ್ತಿರ ಇರಲಿ. ಶಾಲು, ಹಣ್ಣಿನ ಬುಟ್ಟಿ ಆಮೇಲೆ ನೋಡೋಣ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ಒಸಿ ದಾರಿ ಬಿಡಿ, ಮಗು ಕಾಯುತ್ತಿದೆ. ನಮಸ್ಕಾರ.