ಜೇಬು ಬಿಟ್ಟು ಬ್ಯಾಗು

ಯಶವಂತಪುರದಲ್ಲಿ ಜಾಲಹಳ್ಳಿ ಬಸ್ಸಿಗೆ ಕಾಯುತ್ತಿದ್ದ ಮಧುಶ್ರೀಗೆ ಪಕ್ಕದವರ ಮಾತು ಕೇಳಿಸಿತು. ಇಬ್ಬರೂ ಒಂದೇ ಸೂಪರ್‌ಮಾರ್ಕೆಟ್‌ನ ಕಾವಲು ಸಮವಸ್ತ್ರದಲ್ಲಿದ್ದರು.

“ಕದ್ದು ಸಿಕ್ಕಿಬಿದ್ದಿದ್ದು ದಿನಾ ಅಂಗಡಿಗೆ ಬರೋ ನಮ್ಮ ರಿಟೈರ್ಡ್ ಮೇಷ್ಟ್ರೇನಾ, ಭೀಮರಾಜಣ್ಣ?”

“ಅವ್ರೇ ಗೋಪಾಲಮ್ಮ. ಮೂರು ಲಿಪ್‌ಸ್ಟಿಕ್ ಜೇಬಲ್ಲಿತ್ತು. ಹೋದ ತಿಂಗಳು ಕಳುವಾಗಿದ್ದೂ ನಾನೇ ಎತ್ಕೊಂಡಿದ್ದು ಅಂದ್ರು.”

“ಒಂಟಿ ಗಂಡಸಿಗೆ ಲಿಪ್‌ಸ್ಟಿಕ್ ಯಾಕೆ?”

“ಕೇಳ್ದೆ. ‘ನಂಗೂ ಗೊತ್ತಾಗ್ತಿಲ್ಲಪ್ಪ’ ಅಂತ ಅತ್ತೇಬಿಟ್ರು. ಪಾಪ, ಅದೊಂದು ಕಾಯಿಲೆ ಅಂತ ಮ್ಯಾನೇಜರ್ ಕಾಫಿ ಕುಡಿಸಿ ಕಳಿಸಿದ್ರು.”

“ಹೋದ ತಿಂಗಳು ನಮ್ಮ ಸೇಲ್ಸ್ ಹುಡುಗಿ ಶಿಲ್ಪಂಗೆ ಕಾಫಿ ಕೊಡ್ಲಿಲ್ಲ. ಲಿಪ್‌ಸ್ಟಿಕ್ ಕದಿಯೋದು ಹುಡುಗೀರೇ ಅಂತ ಕೆಲಸದಿಂದ ತೆಗೆದ್ರು.”

“ಅವಳ ಬ್ಯಾಗ್ ಸುರಿದಿದ್ದು ನೀನೇ ಅಲ್ವೇನಮ್ಮಾ?”

“ಸುರಿದೆ. ಏನೂ ಸಿಗ್ಲಿಲ್ಲ. ಆದ್ರೂ ಇವಳೇ ಅಂದೆ. ಯಾಕಂದೆ ಅಂತ ನಂಗೇ ತಿಳೀತಿಲ್ಲ. ಆರು ವರ್ಷದಿಂದ ಹೆಂಗಸ್ರ ಬ್ಯಾಗ್ ನೋಡ್ತಿದ್ದೀನಿ. ಗಂಡಸ್ರ ಜೇಬು ನೋಡಿ ಅಂತ ಯಾರೂ ಹೇಳ್ಲೇ ಇಲ್ವಲ್ಲಣ್ಣ.”

“ಈಗ ಸುಮ್ನಿರು. ಬಾಯ್ಬಿಟ್ರೆ ನಿನ್ನ ಕೆಲಸಾನೂ ಹೋಗುತ್ತೆ ಅಂತ ಮ್ಯಾನೇಜರ್ ಅಂದವ್ರೆ.”

ಬಾಗಲಗುಂಟೆಯ ಬಸ್ ಬಂದು ನಿಂತಿತು. ಗೋಪಾಲಮ್ಮ ಹತ್ತಿದಳು.

“ಏಯ್, ನಿನ್ನ ಮನೆ ಇರೋದು ಕೊಡಿಗೇಹಳ್ಳೀಲಿ!”

“ಶಿಲ್ಪನ ಮನೆ ಬಾಗಲಗುಂಟೇಲಿ.”

“ಹೋಗಿ ಏನ್ ಹೇಳ್ತೀಯ?”

“ಗೊತ್ತಿಲ್ಲಣ್ಣ” ಎಂದಳು ಬಾಗಿಲಿನಿಂದಲೇ. ಬಸ್ ಹೊರಟಿತು.

ಮಧುಶ್ರೀ ಭೀಮರಾಜನ ಮುಖ ನೋಡಿದಳು. ಅವನು ಇದುವರೆಗೆ ಯಾರೂ ತಪಾಸಣೆ ಮಾಡದ ತನ್ನ ಜೇಬುಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.